ಕೋವಿಗೆ ಮೊದಲು ಚೂರಿ

(ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನೆಲೆಸಿರುವ ಇಬ್ಬರು ಕನ್ನಡಿಗರ ಮಾತುಕತೆ. ಒಬ್ಬರು ತೀರ್ಥಹಳ್ಳಿ ಕಡೆಯವರು, ವಿಸ್ಕಾನ್ಸಿನ್‌ನ ಜಿಂಕೆ ಬೇಟೆಯಲ್ಲಿ ಪಳಗಿದವರು. ಇನ್ನೊಬ್ಬ ಅವರನ್ನು ಅಕ್ಕ ಎಂದೇ ಕರೆಯುವ ಕಿರಿಯ, ಮೊದಲ ಸಲ ಬೇಟೆಯ ಲೈಸೆನ್ಸ್ ಪಡೆದವನು. ನವೆಂಬರ್ ತಿಂಗಳ ಬೇಟೆಗೆ ಇನ್ನೂ ಕೆಲವು ವಾರಗಳಿವೆ.)

ತಮ್ಮ: ಅಕ್ಕ, ಬೇಟೆಗಾರರ ತರಬೇತಿ ಮುಗೀತು, ಲೈಸೆನ್ಸೂ ಬಂತು. ರೈಫಲ್ಲು ನೂರು ಗಜಕ್ಕೆ ಸರಿಯಾಗಿ ಗುರಿ ಹಿಡೀತಿದೆ. ಯಾವ ತೋಟಾ ಒಳ್ಳೇದು, ಎಲ್ಲಿ ಕೂತರೆ ಜಿಂಕೆ ಬರುತ್ತೆ, ಇಷ್ಟು ಹೇಳಿಬಿಡಿ ಸಾಕು.

ಅಕ್ಕ: ಹೇಳ್ತೀನಿ. ಅದಕ್ಕೆ ಮೊದಲು ನೀನು ಒಂದಕ್ಕೆ ಉತ್ತರ ಕೊಡು. ಜಿಂಕೆ ಬಿತ್ತು ಅಂತ ಇಟ್ಕೊ. ಎಪ್ಪತ್ತು ಕೆ.ಜಿ. ತೂಗೋ ಗಂಡು, ರಸ್ತೆಯಿಂದ ಅರ್ಧ ಮೈಲಿ ಒಳಗೆ ಬಿದ್ದಿದೆ. ಮುಂದೇನು ಮಾಡ್ತೀಯ?

ತಮ್ಮ: ಎಳ್ಕೊಂಡು ಬಂದು ಗಾಡಿಗೆ ಹಾಕಿ ಮಾಂಸದ ಅಂಗಡಿಗೆ ಕೊಡ್ತೀನಿ. ಅವರೇ ಸುಲಿದು, ಕೊಯ್ದು, ಪೊಟ್ಟಣ ಕಟ್ಟಿ ಕೊಡ್ತಾರಲ್ಲ.

ಅಕ್ಕ: ಸುಲಿದು ಕೊಡ್ತಾರೆ, ನಿಜ. ಆದರೆ ಕರುಳು ತೆಗೆಯೋ ಕೆಲಸ ಬೇಟೆಗಾರಂದು, ಅದೂ ಜಿಂಕೆ ಬಿದ್ದ ಜಾಗದಲ್ಲೇ ಆಗಬೇಕು. ಬದುಕಿರುವ ಜಿಂಕೆಯ ಮೈ 38–39 ಡಿಗ್ರಿ ಸೆಲ್ಸಿಯಸ್ ಬಿಸಿ. ಅದರ ಕೂದಲು ಒಳಗೆ ಟೊಳ್ಳು. ಮೈನಸ್ ಇಪ್ಪತ್ತರ ಚಳೀಲೂ ಮೈಶಾಖ ಹೊರಗೆ ಹೋಗದ ಹಾಗೆ ಹಿಡಿದಿಡೋಕೆ ಆದ ಕೂದಲು ಅದು. ಜೀವ ಹೋದ ಮೇಲೂ ಅದು ತನ್ನ ಕೆಲಸ ಬಿಡೋದಿಲ್ಲ. ಮೇಲಾಗಿ ಜಿಂಕೆ ಮೆಲುಕು ಹಾಕೋ ಪ್ರಾಣಿ. ಹೊಟ್ಟೆಯ ದೊಡ್ಡ ಚೀಲದಲ್ಲಿ ಸೊಪ್ಪು, ಕಾಳು ಹುಳಿಸೋ ಸೂಕ್ಷ್ಮಜೀವಿಗಳು ಕೋಟಿಗಟ್ಟಲೆ ಇರ್ತವೆ. ಗುಂಡಿಗೆ ನಿಂತ್ರೂ ಅವು ನಿಲ್ಲೋದಿಲ್ಲ. ಗಾಳಿ ತುಂಬುತ್ತೆ, ಹೊಟ್ಟೆ ಉಬ್ಬುತ್ತೆ, ಒಳಗಿನ ಬಿಸಿ ಹಾಗೇ ಉಳಿಯುತ್ತೆ. ನೀನು ಗಾಡಿ ತರೋಕೆ ಹೋಗಿ, ಫೋಟೋ ತೆಗೆದು, ನಾಲ್ಕು ಜನಕ್ಕೆ ಸುದ್ದಿ ಕೊಟ್ಟು ವಾಪಸ್ ಬರೋ ಹೊತ್ತಿಗೆ ಸೊಂಟದ ಹತ್ತಿರದ ಮಾಂಸ ಹಳಸೋಕೆ ಶುರುವಾಗಿರುತ್ತೆ.

ತಮ್ಮ: ಹಂಗಾದ್ರೆ ಗುಂಡು ಹಾರಿಸಿದ ತಕ್ಷಣ ಓಡಿ ಹೋಗಬೇಕಾ?

ಅಕ್ಕ: ಬೇಡ. ಎದೆಗೆ ಸರಿಯಾಗಿ ಬಿದ್ದ ಜಿಂಕೇನೂ ಸ್ವಲ್ಪ ದೂರ ಓಡಿಯೇ ಬೀಳೋದು. ನೀನು ಬೆನ್ನು ಹತ್ತಿದರೆ ಅದು ಮಲಗೋ ಬದಲು ಎದ್ದು ಮತ್ತೆ ಓಡುತ್ತೆ. ಅರ್ಧ ಗಂಟೆ ಕೂತ ಜಾಗದಲ್ಲೇ ಇರು. ಹೊಟ್ಟೆಗೆ ಬಿದ್ದಿದೆ ಅಂತ ಅನುಮಾನ ಬಂದರೆ ಗಂಟೆಗಟ್ಟಲೆ ಕಾಯಬೇಕು. ಆಮೇಲೆ ರಕ್ತದ ಜಾಡು ಹಿಡಿದು ಹೋಗು. ಹಿಂಬದಿಯಿಂದ ಹತ್ತಿರ ಹೋಗಿ ಉದ್ದನೆ ಕೋಲಿನಿಂದ ಕಣ್ಣು ಮುಟ್ಟಿ ನೋಡು. ರೆಪ್ಪೆ ಮಿಸುಕಾಡದಿದ್ದರೆ ಜೀವ ಹೋಗಿದೆ ಅಂತ. ಆಗ ಕೋವಿಯ ತೋಟಾ ತೆಗೆದು ಬದಿಗಿಡು. ಅಲ್ಲಿಂದ ಮುಂದೆ ಅದರ ಕೆಲಸ ಇಲ್ಲ.

ತಮ್ಮ: ದೊಡ್ಡ ಚೂರಿಯೊಂದು ತಗೊಂಡಿದೀನಿ. ಹತ್ತಿಂಚಿನದು.

ಅಕ್ಕ: ಅದನ್ನ ಮನೇಲಿಡು. ಬೇಕಾಗಿರೋದು ಮೂರು ಮೂರೂವರೆ ಇಂಚಿನ ಅಲಗು, ಚೆನ್ನಾಗಿ ಸಾಣೆ ಹಿಡಿದದ್ದು. ಈ ಕೆಲಸದ ಅರ್ಧದಷ್ಟನ್ನ ಕಣ್ಣಿಗೆ ಕಾಣದೆ, ಎದೆಗೂಡಿನೊಳಗೆ ಕೈ ಹಾಕಿ ಮಾಡಬೇಕು. ಉದ್ದ ಚೂರಿಯ ಮೊನೆ ಎಲ್ಲಿದೆ ಅಂತ ನಿನಗೇ ಗೊತ್ತಾಗೋದಿಲ್ಲ. ಜೊತೆಗೆ ಮೊಣಕೈವರೆಗೆ ಬರೋ ರಬ್ಬರ್ ಗ್ಲೌಸು, ಎರಡು ತುಂಡು ಹಗ್ಗ, ಒಂದಿಷ್ಟು ದಾರ, ಒಣಬಟ್ಟೆ, ಒಂದು ಟಾರ್ಚು. ಇಷ್ಟು ಸಾಕು.

ತಮ್ಮ: ಶುರು ಮಾಡೋದು ಎಲ್ಲಿಂದ?

ಅಕ್ಕ: ಬೆನ್ನ ಮೇಲೆ ಮಲಗಿಸು. ಇಳಿಜಾರಿದ್ದರೆ ತಲೆ ಮೇಲಕ್ಕಿರಲಿ, ಒಳಗಿಂದೆಲ್ಲ ತಾನೇ ಕೆಳಗೆ ಜಾರುತ್ತೆ. ಒಬ್ಬನೇ ಇದ್ದರೆ ಒಂದು ಹಿಂಗಾಲನ್ನ ಮರಕ್ಕೆ ಕಟ್ಟು. ಮೊದಲ ಕೊಯ್ತ ಗುದದ ಸುತ್ತ, ದುಂಡಗೆ. ದೊಡ್ಡ ಕರುಳಿನ ತುದಿ ಸೊಂಟದ ಮೂಳೆಯಿಂದ ಬಿಡಿಸಿಕೊಂಡ ಮೇಲೆ ದಾರದಿಂದ ಬಿಗಿಯಾಗಿ ಕಟ್ಟಿಬಿಡು. ಒಳಗಿನ ಗಲೀಜು ಆಚೆ ಬಂದು ತೊಡೆಯ ಮಾಂಸಕ್ಕೆ ತಾಗಬಾರದು. ಬಹಳ ಜನ ಈ ಕೆಲಸವನ್ನ ಕೊನೆಗೆ ಇಟ್ಟುಕೊಂಡು ಒದ್ದಾಡ್ತಾರೆ.

ತಮ್ಮ: ಆಮೇಲೆ ಹೊಟ್ಟೆ?

ಅಕ್ಕ: ಹೊಟ್ಟೆಯೇ. ಎದೆಮೂಳೆ ಮುಗಿಯೋ ಕಡೆ ತೊಗಲನ್ನ ಚಿವುಟಿ ಮೇಲಕ್ಕೆ ಎತ್ತು. ಎರಡು ಬೆರಳು ಹೋಗೋವಷ್ಟು ಸಣ್ಣದಾಗಿ ಕೊಯ್ಯಿ. ಎಡಗೈಯ ತೋರುಬೆರಳು, ನಡುಬೆರಳು ಒಳಗೆ ಹಾಕಿ ಕವಲು ಮಾಡು. ಚೂರಿಯ ಅಲಗು ಆ ಕವಲಿನ ನಡುವೆ, ಬಾಯಿ ಆಕಾಶ ನೋಡ್ತಿರಲಿ. ಬೆರಳು ಕರುಳನ್ನ ಕೆಳಕ್ಕೆ ಒತ್ತಿ ಹಿಡೀತವೆ, ಅಲಗು ತೊಗಲನ್ನ ಒಳಗಿಂದ ಹೊರಕ್ಕೆ ಸೀಳ್ತಾ ತೊಡೆಸಂದಿವರೆಗೆ ಹೋಗುತ್ತೆ. ಇದರಿಂದ ಎರಡು ಲಾಭ. ಹೊಟ್ಟೆಚೀಲ ತೂತಾಗಲ್ಲ. ಹೊರಗಿಂದ ಕೊಯ್ದರೆ ಕೂದಲು ತುಂಡಾಗಿ ಮಾಂಸದ ಮೇಲೆಲ್ಲ ಉದುರುತ್ತೆ, ಹೀಗೆ ಮಾಡಿದರೆ ಅದೂ ತಪ್ಪುತ್ತೆ. ಒಮ್ಮೆ ಅಂಟಿಕೊಂಡ ಜಿಂಕೆ ಕೂದಲನ್ನ ಒಂದೊಂದೇ ಆರಿಸಬೇಕಾಗುತ್ತೆ, ತೊಳೆದರೆ ಹೋಗೋದಿಲ್ಲ.

ತಮ್ಮ: ಊರಲ್ಲಿ ಆಡು ಕೊಯ್ಯುವಾಗ ಪಿತ್ತ ಒಡೆಯಬಾರದು, ಒಡೆದರೆ ಮಾಂಸ ಕಹಿ ಅಂತ ಹೇಳ್ತಿದ್ರು. ಇಲ್ಲೂ ಅದೇ ಭಯನಾ?

ಅಕ್ಕ: ಇಲ್ಲ. ಆಡು, ಕುರಿಗಳಿಗೆ ಪಿತ್ತಕೋಶ ಇದೆ. ಜಿಂಕೆಗೆ ಇಲ್ಲವೇ ಇಲ್ಲ. ಅಮೆರಿಕದ ಬಿಳಿಬಾಲದ ಜಿಂಕೆಗೂ ಇಲ್ಲ, ನಮ್ಮ ಚುಕ್ಕೆ ಜಿಂಕೆ, ಕಡವೆಗಳಿಗೂ ಇಲ್ಲ. ಇಲ್ಲಿ ನೀನು ಹೆದರಬೇಕಾದ್ದು ಮೂತ್ರಚೀಲಕ್ಕೆ ಮತ್ತೆ ದೊಡ್ಡ ಹೊಟ್ಟೆಚೀಲಕ್ಕೆ. ಮೂತ್ರಚೀಲದ ಕುತ್ತಿಗೆಯನ್ನ ಬೆರಳಲ್ಲಿ ಹಿಸುಕಿ ಹಿಡಿದು ನಿಧಾನಕ್ಕೆ ಬಿಡಿಸು.

ತಮ್ಮ: ಎದೆಯೊಳಗೆ?

ಅಕ್ಕ: ಹೊಟ್ಟೆಗೂ ಎದೆಗೂ ನಡುವೆ ತೆಳ್ಳನೆ ಗೋಡೆ ಥರ ವಪೆ ಇದೆಯಲ್ಲ, ಅದನ್ನ ಪಕ್ಕೆಲುಬಿನ ಉದ್ದಕ್ಕೂ ಎರಡೂ ಕಡೆ ಕೊಯ್ಯಿ. ಎದೆಯಲ್ಲಿ ತುಂಬಿದ್ದ ರಕ್ತವೆಲ್ಲ ಹರಿದು ಬರುತ್ತೆ. ಈಗ ಎಡಗೈ ಒಳಗೆ ಹಾಕು. ಗುಂಡಿಗೆ ದಾಟಿ, ಶ್ವಾಸಕೋಶ ದಾಟಿ ಕುತ್ತಿಗೆಯ ಬುಡಕ್ಕೆ ಹೋದರೆ ಗಟ್ಟಿಯಾದ, ಬಳೆಬಳೆಯಾದ ಕೊಳವೆ ಸಿಗುತ್ತೆ. ಅದೇ ಶ್ವಾಸನಾಳ. ಅನ್ನನಾಳದ ಸಮೇತ ಅದನ್ನ ಮುಷ್ಟಿಯಲ್ಲಿ ಹಿಡಿದು, ಮುಷ್ಟಿಯಿಂದ ಆಚೆಗೆ ಕೊಯ್ಯಿ. ಬೇಟೆಗಾರರು ತಮ್ಮ ಕೈ ತಾವೇ ಕೊಯ್ದುಕೊಳ್ಳೋದು ಈ ಒಂದು ಗಳಿಗೆಯಲ್ಲೇ ಹೆಚ್ಚು. ಆತುರ ಬೇಡ. ಕೊಯ್ದಾದ ಮೇಲೆ ಚೂರಿಯನ್ನ ಹೊರಗಿಟ್ಟು ಎರಡೂ ಕೈಯಿಂದ ಜಗ್ಗು. ಶ್ವಾಸಕೋಶ, ಗುಂಡಿಗೆ, ಈಲಿ, ಹೊಟ್ಟೆ, ಕರುಳು ಎಲ್ಲ ಒಂದಕ್ಕೊಂದು ಹೆಣೆದುಕೊಂಡೇ ಬರ್ತವೆ. ಆಮೇಲೆ ದೇಹವನ್ನ ಬೋರಲು ಮಾಡಿದರೆ ಉಳಿದ ರಕ್ತ ಬಸಿದು ಹೋಗುತ್ತೆ. ಒಣಬಟ್ಟೆಯಲ್ಲಿ ಒಳಗೆ ಒರೆಸಿ, ಪಕ್ಕೆಲುಬಿನ ನಡುವೆ ಒಂದು ಕಡ್ಡಿ ಅಡ್ಡ ಕೊಟ್ಟು ಎದೆಗೂಡನ್ನ ತೆರೆದಿಡು. ಗಾಳಿಯಾಡಲಿ.

ತಮ್ಮ: ನೀರು ಹಾಕಿ ತೊಳೆಯಬಾರದಾ? ಪಕ್ಕದಲ್ಲೇ ತೊರೆ ಇದ್ದರೆ?

ಅಕ್ಕ: ಬೇಡ. ಆರೋಗ್ಯವಾಗಿದ್ದ ಪ್ರಾಣಿಯ ಮಾಂಸದೊಳಗೆ ಬ್ಯಾಕ್ಟೀರಿಯಾ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅವು ಬರೋದು ತೊಗಲಿಂದ, ಕರುಳಿಂದ, ನಿನ್ನ ಕೈಯಿಂದ, ಚೂರಿಯಿಂದ. ನೀರು ಹಾಕಿದರೆ ಒಂದು ಕಡೆ ಇದ್ದ ಗಲೀಜು ಎಲ್ಲ ಕಡೆ ಹರಡುತ್ತೆ, ಮೇಲಿಂದ ತೇವ ಉಳಿದು ಬ್ಯಾಕ್ಟೀರಿಯಾ ಬೆಳೆಯೋಕೆ ದಾರಿಯಾಗುತ್ತೆ. ಹೊಟ್ಟೆಚೀಲ ಒಡೆದಿದ್ದರೆ ಅದು ತಾಗಿದ ಮಾಂಸವನ್ನ ಕೊಯ್ದು ಬಿಸಾಡು, ಚೂರಿ ತೊಳೆದು ಮುಂದಕ್ಕೆ ಹೋಗು. ಮಾಂಸದ ಉಷ್ಣ ಆದಷ್ಟು ಬೇಗ 4 ಡಿಗ್ರಿಗಿಂತ ಕೆಳಗೆ ಇಳೀಬೇಕು. ವಿಸ್ಕಾನ್ಸಿನ್‌ನ ಕೋವಿ ಬೇಟೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗಿ ಒಂಬತ್ತು ದಿನ ನಡೆಯುತ್ತೆ. ಕೆಲವು ವರ್ಷ ಹಿಮ ಬಿದ್ದಿರುತ್ತೆ, ಕೆಲವು ವರ್ಷ ಮಧ್ಯಾಹ್ನ ಹತ್ತು ಡಿಗ್ರಿ ದಾಟುತ್ತೆ. ಹತ್ತು ದಾಟಿದ ದಿನ ಎದೆಗೂಡಿಗೆ ಐಸ್ ಚೀಲ ತುಂಬಬೇಕು.

ತಮ್ಮ: ಒಂದು ಮಾತು ಕೇಳ್ತೀನಿ ಅಕ್ಕ. ಇಷ್ಟೆಲ್ಲ ಕೇಳ್ತಿದ್ದರೇ ಮೈ ಜುಂ ಅನ್ನುತ್ತೆ. ಬಿಸಿ ರಕ್ತದೊಳಗೆ ಕೈ ಹಾಕೋಕೆ ನನ್ನಿಂದ ಆಗುತ್ತಾ ಅಂತ.

ಅಕ್ಕ: ಆ ಅಳುಕು ಇರಬೇಕು ಕಣೋ. ನನಗೆ ಇವತ್ತಿಗೂ ಇದೆ. ಅದು ಹೋಗಿಬಿಟ್ಟರೆ ನಾನು ಬೇಟೆ ಬಿಡ್ತೀನಿ. ಆದರೆ ಅಳುಕಿಗೆ ಹೆದರಿ ಕೆಲಸವನ್ನ ಇನ್ನೊಬ್ಬರ ಕೈಗೆ ದಾಟಿಸಿದರೆ, ಗುಂಡು ಹಾರಿಸಿದ ಸಂತೋಷ ಮಾತ್ರ ನಿನ್ನದು, ಅದರ ಭಾರ ನಿನ್ನದಲ್ಲ ಅಂತಾಗುತ್ತೆ. ಒಳಗೆ ಕೈ ಹಾಕಿದಾಗ ನಿನ್ನ ಗುಂಡು ಏನು ಮಾಡಿದೆ ಅಂತ ನೀನೇ ನೋಡ್ತೀಯ. ಗುಂಡಿಗೆಗೆ ಬಿತ್ತಾ, ಒಂದು ಅಂಗೈ ಹಿಂದಕ್ಕೆ ಸರಿದು ಹೊಟ್ಟೆಗೆ ಬಿತ್ತಾ, ಪ್ರಾಣಿ ಎಷ್ಟು ಹೊತ್ತು ನರಳಿರಬಹುದು ಅನ್ನೋದೆಲ್ಲ ಅಲ್ಲಿ ಕಾಣುತ್ತೆ. ಅದನ್ನ ಕಂಡವನು ಮುಂದಿನ ಸಲ ಅನುಮಾನದ ಗುರಿಗೆ ಬೆರಳು ಒತ್ತೋದಿಲ್ಲ. ಗುರಿ ಅಭ್ಯಾಸದ ಮೈದಾನದಲ್ಲಿ ಈ ಪಾಠ ಸಿಗೋದಿಲ್ಲ.

ತಮ್ಮ: ಒಳಗಿನದರಲ್ಲಿ ಯಾವುದನ್ನ ಇಟ್ಕೋಬೇಕು?

ಅಕ್ಕ: ಗುಂಡಿಗೆ ಖಂಡಿತ. ಈಲಿಯನ್ನ ಕೊಯ್ದು ನೋಡು. ಈ ಮಹಾ ಸರೋವರಗಳ ಸುತ್ತಿನ ಜಿಂಕೆಗಳ ಈಲಿಯಲ್ಲಿ ಚಪ್ಪಟೆ ಹುಳುಗಳಿರ್ತವೆ. ಕಂಡರೆ ಈಲಿ ಬಿಟ್ಟುಬಿಡು, ಉಳಿದ ಮಾಂಸಕ್ಕೆ ತೊಂದರೆಯಿಲ್ಲ. ಇನ್ನು ಹೊಟ್ಟೆಯ ಒಳಗೆ, ಬೆನ್ನೆಲುಬಿನ ಎರಡು ಬದಿಗೆ ಅಂಟಿಕೊಂಡಂತೆ ಎರಡು ಸಣ್ಣ ಉದ್ದನೆ ತುಂಡು ಇರುತ್ತೆ. ಇಡೀ ಜಿಂಕೆಯಲ್ಲಿ ಅಷ್ಟು ಮೆದು ಮಾಂಸ ಬೇರೆ ಇಲ್ಲ. ಅದು ಬೇಗ ಒಣಗುತ್ತೆ, ಅದನ್ನೇ ಮೊದಲು ಬಿಡಿಸಿಕೋ.

ತಮ್ಮ: ತೊಗಲು ಸುಲಿಯೋದು ಮನೆಗೆ ಬಂದ ಮೇಲಾ?

ಅಕ್ಕ: ಹೌದು, ಆದರೆ ತಡ ಬೇಡ. ಮೈ ಬೆಚ್ಚಗಿರುವಾಗ ತೊಗಲು ಸಲೀಸಾಗಿ ಬರುತ್ತೆ, ತಣ್ಣಗಾದ ಮೇಲೆ ಹಟ ಹಿಡಿಯುತ್ತೆ. ಹಿಂಗಾಲಿನ ಗೆಣ್ಣಿನ ಹಿಂದಿನ ನರಕ್ಕೆ ಅಡ್ಡಗೋಲು ಸಿಕ್ಕಿಸಿ ತಲೆಕೆಳಗಾಗಿ ನೇತುಹಾಕು. ಗೆಣ್ಣಿನ ಒಳಬದಿಯಲ್ಲಿ ಕಪ್ಪಗೆ, ಜಿಡ್ಡುಜಿಡ್ಡಾಗಿ ಕೂದಲ ಕುಚ್ಚು ಇರುತ್ತೆ, ಅದರಡಿ ಗ್ರಂಥಿ. ಬೆದೆಗಾಲದ ಗಂಡಿನಲ್ಲಿ ಗಬ್ಬು ನಾರುತ್ತೆ. ಅದನ್ನ ಮುಟ್ಟಿದ ಕೈಯಲ್ಲಿ ಮಾಂಸ ಮುಟ್ಟಬೇಡ. ಅದರ ಕೆಳಗೆ ಸುತ್ತ ಕೊಯ್ದು, ತೊಡೆಯ ಒಳಬದಿಯಲ್ಲಿ ಉದ್ದಕ್ಕೆ ಸೀಳಿ, ಅಲ್ಲಿಂದ ಮುಂದೆ ಚೂರಿ ಬದಿಗಿಡು. ಒಂದು ಕೈಯಲ್ಲಿ ತೊಗಲು ಜಗ್ಗು, ಇನ್ನೊಂದು ಕೈಯ ಮುಷ್ಟಿಯನ್ನ ತೊಗಲಿಗೂ ಮಾಂಸಕ್ಕೂ ನಡುವೆ ಒತ್ತುತ್ತಾ ಇಳಿ. ಊರಲ್ಲಿ ಆಡಿನ ತೊಗಲು ಬಿಚ್ಚೋರ ಕೈ ನೋಡಿದೀಯಲ್ಲ, ಅದೇ ಕ್ರಮ. ಅಂಟಿದ ಕಡೆ ಮಾತ್ರ ಚೂರಿ ಮೊನೆ ತಾಗಿಸು. ಮುಷ್ಟಿಯಿಂದ ಬಿಚ್ಚಿದ ತೊಗಲಿಗೆ ಗಾಯ ಆಗಲ್ಲ, ಹದ ಮಾಡೋಕೆ ಕೊಡಬಹುದು. ಮಾಂಸಕ್ಕೂ ಗಾಯ ಆಗಲ್ಲ.

ತಮ್ಮ: ಅದೇ ದಿನ ಕೊಯ್ದು ಫ್ರೀಜರಿಗೆ ಹಾಕಬಹುದಾ?

ಅಕ್ಕ: ಬೇಡ. ಸತ್ತ ಮೇಲೆ ಮೈ ಸೆಟೆದುಕೊಳ್ಳುತ್ತೆ. ಆ ಸೆಟೆತ ಬಿಡೋ ಮೊದಲು ಹೆಪ್ಪುಗಟ್ಟಿಸಿದರೆ ಎಷ್ಟು ಬೇಯಿಸಿದರೂ ಮಾಂಸ ನಾರು ನಾರು. ಒಂದರಿಂದ ನಾಲ್ಕು ಡಿಗ್ರಿ ತಂಪಿನಲ್ಲಿ ಕೆಲವು ದಿನ ತೂಗುಬಿಟ್ಟರೆ ಮೆತ್ತಗಾಗುತ್ತೆ. ಕೊಯ್ಯುವಾಗ ಕೊಬ್ಬನ್ನ ಪೂರ್ತಿ ತೆಗೆ. ಕುರಿ ಕೊಬ್ಬಿನ ರುಚಿ ಇದಕ್ಕಿಲ್ಲ, ಆರಿದರೆ ಮೇಣದ ಹಾಗೆ ಅಂಗುಳಕ್ಕೆ ಅಂಟುತ್ತೆ. ಕಾಳುಮೆಣಸು ಹಾಕಿದ ನಮ್ಮ ಮಲೆನಾಡ ಸಾರು ಈ ಮಾಂಸಕ್ಕೆ ಚೆನ್ನಾಗಿ ಒಗ್ಗುತ್ತೆ.

ತಮ್ಮ: ಎಪ್ಪತ್ತು ಕೆ.ಜಿ. ಜಿಂಕೆಯಲ್ಲಿ ತಿನ್ನೋಕೆ ಎಷ್ಟು ಸಿಗುತ್ತೆ?

ಅಕ್ಕ: ಕರುಳು ತೆಗೆದ ಮೇಲೆ ಸುಮಾರು 55 ಕೆ.ಜಿ. ಉಳಿಯುತ್ತೆ. ತೊಗಲು, ತಲೆ, ಕಾಲು, ಮೂಳೆ ಕಳೆದರೆ ಹೆಚ್ಚೆಂದರೆ 27–28 ಕೆ.ಜಿ. ಶುದ್ಧ ಮಾಂಸ. ವಾಸ್ತವದಲ್ಲಿ ಬಹಳ ಜನರಿಗೆ ಸಿಗೋದು 20ರ ಹತ್ತಿರ. ನಡುವಿನ ಏಳೆಂಟು ಕೆ.ಜಿ. ಎಲ್ಲಿ ಹೋಯ್ತು ನೋಡು. ಗುಂಡು ಬಿದ್ದು ಜಜ್ಜಿದ ಭುಜ, ಹೊಟ್ಟೆಚೀಲ ಒಡೆದು ಹಾಳಾದ ಮಾಂಸ, ತಡ ಮಾಡಿ ಹಳಸಿದ ತೊಡೆ, ಮೂಳೆಯ ಮೇಲೇ ಬಿಟ್ಟ ಚೂರುಗಳು. ಇದರಲ್ಲಿ ಜಿಂಕೆಯ ತಪ್ಪು ಏನೂ ಇಲ್ಲ.

ತಮ್ಮ: ಇಲ್ಲಿನ ಜಿಂಕೆಗೆ ಏನೋ ಕಾಯಿಲೆ ಇದೆ ಅಂತ ತರಬೇತಿಯಲ್ಲಿ ಹೇಳಿದ್ರು.

ಅಕ್ಕ: ಕ್ರಾನಿಕ್ ವೇಸ್ಟಿಂಗ್ ಡಿಸೀಸ್. ಮೊದಲು ಕಂಡದ್ದು 1967ರಲ್ಲಿ, ಕೊಲೊರಾಡೊದಲ್ಲಿ ಸಾಕಿದ್ದ ಜಿಂಕೆಗಳಲ್ಲಿ. ವಿಸ್ಕಾನ್ಸಿನ್‌ನಲ್ಲಿ ಪತ್ತೆಯಾಗಿದ್ದು 2002ರಲ್ಲಿ. ಇದು ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ಮಡಿಕೆ ತಪ್ಪಿದ ಒಂದು ಪ್ರೋಟೀನು, ಪ್ರಿಯಾನ್ ಅಂತಾರೆ. ಬೇಯಿಸಿದರೆ ನಾಶವಾಗೋದಿಲ್ಲ, ಹೆಪ್ಪುಗಟ್ಟಿಸಿದರೂ ಇಲ್ಲ. ರಾಜ್ಯದ ದಕ್ಷಿಣ ಭಾಗದ ಕೆಲವು ಕಡೆ ಬೆಳೆದ ಗಂಡುಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚಿನವಕ್ಕೆ ಇದೆ. ಮನುಷ್ಯರಿಗೆ ಬಂದದ್ದು ಇದುವರೆಗೆ ಸಾಬೀತಾಗಿಲ್ಲ. ಆದರೂ ಸೋಂಕಿದ್ದ ಮಾಂಸ ತಿನ್ನಬೇಡಿ ಅಂತಲೇ ಆರೋಗ್ಯ ಇಲಾಖೆಯವರ ಸಲಹೆ. ಆದ್ದರಿಂದ ಮಿದುಳು, ಬೆನ್ನುಹುರಿ ಕೊಯ್ಯಬೇಡ. ಬೆನ್ನೆಲುಬನ್ನ ಗರಗಸದಲ್ಲಿ ಸೀಳಬೇಡ, ಮಾಂಸವನ್ನ ಮೂಳೆಯಿಂದ ಬಿಡಿಸಿಕೋ. ಐದಿಂಚು ಕುತ್ತಿಗೆ ಸಮೇತ ತಲೆಯನ್ನ ಪರೀಕ್ಷೆಗೆ ಕೊಡು. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಉಚಿತವಾಗಿ ಪರೀಕ್ಷಿಸುತ್ತೆ. ಫಲಿತಾಂಶ ಬರೋವರೆಗೆ ಪೊಟ್ಟಣಗಳು ಫ್ರೀಜರಿನಲ್ಲಿ ಬೇರೆಯಾಗೇ ಇರಲಿ. ಬೇಟೆಯ ನೋಂದಣಿಯಂತೂ ಮರುದಿನ ಸಂಜೆ 5 ಗಂಟೆಯೊಳಗೆ ಆಗಲೇಬೇಕು.

ತಮ್ಮ: ತೋಟಾ ಯಾವುದು ಅಂತ ಇನ್ನೂ ಹೇಳಲಿಲ್ಲ ನೀವು.

ಅಕ್ಕ: ಈಗ ಹೇಳಿದರೆ ನಿನಗೆ ಅರ್ಥ ಆಗುತ್ತೆ. ತಾಮ್ರದ್ದು ತಗೋ. ಸೀಸದ ಗುಂಡು ಮೂಳೆಗೆ ಬಡಿದು ನೂರಾರು ಕಣಗಳಾಗಿ ಸಿಡಿಯುತ್ತೆ, ಕೆಲವು ಕಣ್ಣಿಗೂ ಕಾಣಲ್ಲ. 2008ರಲ್ಲಿ ನಾರ್ತ್ ಡಕೋಟಾದಲ್ಲಿ ಬಡವರಿಗೆಂದು ಬೇಟೆಗಾರರು ದಾನ ಕೊಟ್ಟಿದ್ದ ಜಿಂಕೆ ಮಾಂಸದಲ್ಲಿ ಸೀಸ ಸಿಕ್ಕಿ, ಅದನ್ನ ಹಂಚಬೇಡಿ ಅಂತ ಸರ್ಕಾರವೇ ಹೇಳಬೇಕಾಯ್ತು. ಕಾಡಿನಲ್ಲಿ ನೀನು ಬಿಟ್ಟು ಬರೋ ಕರುಳಿನ ರಾಶಿಯನ್ನ ಬಿಳಿತಲೆಯ ಹದ್ದುಗಳು, ಕಾಗೆಗಳು, ನರಿಗಳು ತಿಂತವೆ. ಸೀಸ ತಿಂದ ಹದ್ದು ರೆಕ್ಕೆ ಎತ್ತಲಾರದೆ ಸಾಯುತ್ತೆ. ಕ್ಯಾಲಿಫೋರ್ನಿಯಾ 2019ರಿಂದ ಎಲ್ಲ ಬೇಟೆಗೂ ಸೀಸದ ಗುಂಡು ನಿಷೇಧಿಸಿದೆ. ಇಲ್ಲಿ ಆ ಕಾನೂನಿಲ್ಲ, ಆದರೂ ನೀನು ಪಾಲಿಸು.

ತಮ್ಮ: ಊರಲ್ಲಿ ಈ ವಿಷಯ ಹೇಳಿದ್ರೆ ಬೈತಾರೆ. ಜಿಂಕೆ ಕೊಲ್ಲೋದು ಅಪರಾಧ, ನೀನೇನು ಅದನ್ನ ಹವ್ಯಾಸ ಮಾಡ್ಕೊಂಡಿದೀಯ ಅಂತ.

ಅಕ್ಕ: ಊರಲ್ಲಿ ಅಪರಾಧವೇ, ಆಗಿರಬೇಕಾದ್ದೇ. 1972ರ ವನ್ಯಜೀವಿ ಕಾಯ್ದೆಗೆ ಮೊದಲು ನಮ್ಮಪ್ಪನೂ ಸೋವಿಗೆ, ಅಂದರೆ ಊರವರು ಕೂಡಿ ಆಡೋ ಬೇಟೆಗೆ, ಹೋಗ್ತಿದ್ದವರು. ಸೋವಿಗೆ ಬಂದವರಿಗೆಲ್ಲ ಪಾಲು ಹಂಚ್ತಿದ್ದರು. ಕಾಯ್ದೆ ಬಂದ ಮೇಲೆ ಕೋವಿ ಗೋಡೆಗೆ ಹೋಯ್ತು, ಅದು ನ್ಯಾಯ ಅಂತ ಅವರೇ ಹೇಳ್ತಿದ್ದರು. ಬಂಡೀಪುರದ ಜಿಂಕೆ ಹುಲಿ, ಸೀಳುನಾಯಿಗಳ ಅನ್ನ. ಇಲ್ಲಿನ ಕತೆ ಬೇರೆ. ವಿಸ್ಕಾನ್ಸಿನ್ ತೋಳಗಳನ್ನ ಕೊಂದವರಿಗೆ 1957ರವರೆಗೆ ಇನಾಮು ಕೊಟ್ಟು ಅವುಗಳ ಕುಲವನ್ನೇ ಅಳಿಸಿತ್ತು. ಈಚೆಗೆ ಮರಳಿ ಬಂದಿರೋ ತೋಳಗಳು ಹೆಚ್ಚಾಗಿ ಉತ್ತರದ ಕಾಡುಗಳಲ್ಲಿವೆ. ತಿನ್ನೋರಿಲ್ಲದ ಕಡೆ ಜಿಂಕೆ ಹೆಚ್ಚಾದರೆ ಕಾಡಿನ ಸಸಿ ಏಳೋದಿಲ್ಲ, ಚಳಿಗಾಲದ ಕೊನೆಗೆ ಜಿಂಕೆಗಳೇ ಹಸಿದು ಸಾಯ್ತವೆ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡ್ತಿದ್ದ ಆಲ್ಡೊ ಲಿಯೊಪೋಲ್ಡ್ 1940ರ ದಶಕದಲ್ಲಿ ಇದನ್ನೇ ಹೇಳಿ, ಹೆಣ್ಣು ಜಿಂಕೆಗಳ ಬೇಟೆಗೂ ಅವಕಾಶ ಬೇಕು ಅಂದಾಗ ಬೇಟೆಗಾರರೇ ಅವರ ಮೇಲೆ ತಿರುಗಿಬಿದ್ದರು.

ತಮ್ಮ: ಹಾಗಾದರೆ ಇಲ್ಲಿ ಜಿಂಕೆ ಯಾವತ್ತೂ ಕಡಿಮೆ ಆಗಿಯೇ ಇಲ್ಲವಾ?

ಅಕ್ಕ: ಆಗಿತ್ತು. 1900ರ ಸುಮಾರಿಗೆ ಇಡೀ ದೇಶದಲ್ಲಿ ಮೂರರಿಂದ ಐದು ಲಕ್ಷ ಉಳಿದಿದ್ದವು ಅಂತ ಅಂದಾಜು. ಮಾಂಸ, ತೊಗಲು ಮಾರೋಕೆ ಮಿತಿಯಿಲ್ಲದೆ ಕೊಂದಿದ್ದರು. ಆ ವರ್ಷವೇ ಬಂದ ಲೇಸಿ ಕಾಯ್ದೆ, ಕಳ್ಳಬೇಟೆಯ ಮಾಲನ್ನ ರಾಜ್ಯದಿಂದ ರಾಜ್ಯಕ್ಕೆ ಸಾಗಿಸೋದನ್ನ ತಡೀತು. 1937ರಲ್ಲಿ ಉದ್ದ ಕೋವಿ, ತೋಟಾಗಳ ಮೇಲಿನ ತೆರಿಗೆಯನ್ನ ವನ್ಯಜೀವಿ ರಕ್ಷಣೆಗೇ ಮೀಸಲಿಟ್ಟರು. ಈಗ ಬಿಳಿಬಾಲದ ಜಿಂಕೆಗಳು ಸುಮಾರು ಮೂರು ಕೋಟಿ. ಇಂದಿಗೂ ನೀನು ಹೊಡೆದ ಕಾಡುಜಿಂಕೆಯ ಒಂದು ಚೂರು ಮಾಂಸವನ್ನೂ ಮಾರೋ ಹಾಗಿಲ್ಲ. ತಿನ್ನಬಹುದು, ಹಂಚಬಹುದು, ಹಸಿದವರಿಗೆ ದಾನ ಮಾಡಬಹುದು. ನಮ್ಮ ಚುಕ್ಕೆ ಜಿಂಕೆಯನ್ನೂ 1930ರ ದಶಕದಲ್ಲಿ ಟೆಕ್ಸಸ್‌ಗೆ ತಂದು ಬಿಟ್ಟರು. ಅಲ್ಲಿ ಅದು ಹೊರಗಿಂದ ಬಂದ ಪ್ರಾಣಿ, ವರ್ಷವಿಡೀ ಬೇಟೆಯಾಡಬಹುದು. ಕೊಲ್ಲಬಹುದೋ ಬಾರದೋ ಅನ್ನೋದನ್ನ ಆಯಾ ನೆಲವೇ ತೀರ್ಮಾನ ಮಾಡಬೇಕು. ಕೊಂದ ಮೇಲೆ ಹಾಳು ಮಾಡಬಾರದು ಅನ್ನೋದು ಮಾತ್ರ ಎಲ್ಲ ನೆಲಕ್ಕೂ ಒಂದೇ.

ತಮ್ಮ: ಈಗ ಎಲ್ಲಿ ಕೂರಬೇಕು ಅನ್ನೋದನ್ನಾದ್ರೂ ಹೇಳಿ.

ಅಕ್ಕ: ಮೊದಲ ಶನಿವಾರ ಕೋವಿ ಇಲ್ಲದೆ ನನ್ನ ಜೊತೆ ಬಾ. ನಮ್ಮ ಗುಂಪಿನಲ್ಲಿ ಯಾರಿಗೆ ಜಿಂಕೆ ಬಿದ್ದರೂ ಅದರ ಕರುಳು ತೆಗೆಯೋನು ನೀನು, ತೊಗಲು ಬಿಚ್ಚೋನೂ ನೀನು. ಪಕ್ಕದಲ್ಲಿ ನಾನಿರ್ತೀನಿ. ಆಮೇಲೆ ನಿನ್ನ ಕೋವಿ ಹಿಡ್ಕೊಂಡು ಬಾ, ಜಾಗ ತೋರಿಸ್ತೀನಿ. ಅಲ್ಲಿ ಕೂತಾಗ ಜಿಂಕೆ ಬಂತು, ಗುರಿಯೂ ಸಿಕ್ಕಿತು ಅನ್ನು. ಆದರೆ ಕತ್ತಲಾಗೋಕೆ ಹತ್ತು ನಿಮಿಷ ಇದೆ, ನೀನೊಬ್ಬನೇ, ಅದು ನಿಂತಿರೋದು ಜೌಗಿನ ಆಚೆ, ಸೆಕೆ ಬೇರೆ. ಏನು ಮಾಡ್ತೀಯ?

ತಮ್ಮ: ಹೊಡೆದರೆ ಕತ್ತಲಲ್ಲಿ ಹುಡುಕಬೇಕು. ಸಿಕ್ಕಿದರೂ ಜೌಗು ದಾಟಿಸಿ ತರೋಕೆ ಒಬ್ಬನಿಂದ ಆಗಲ್ಲ. ಬೆಳಿಗ್ಗೆವರೆಗೆ ಬಿಟ್ಟರೆ ಮಾಂಸ ಕೆಟ್ಟಿರುತ್ತೆ. ಹೊಡೆಯಲ್ಲ ಅಕ್ಕ.

ಅಕ್ಕ: ಕೋವಿ ಹಿಡಿದವನಿಗೆ ಗೊತ್ತಿರಬೇಕಾದ ಮುಖ್ಯ ವಿಷಯ ಅದೇ. ಗುರಿ ಇಡೋ ಮೊದಲೇ ಮಾಂಸ ಅಡುಗೆಮನೆ ಸೇರೋ ದಾರಿ ಪೂರ್ತಿ ಲೆಕ್ಕ ಹಾಕಿರಬೇಕು. ಆ ಲೆಕ್ಕ ತಾಳೆ ಬೀಳದಿದ್ದರೆ, ಎಂಥ ಕೋಡಿನ ಜಿಂಕೆಯಾದರೂ ಹೋಗಲಿ ಬಿಡಬೇಕು. ಆ ಲೆಕ್ಕ ಚೂರಿ ಹಿಡಿದು ಕೆಲಸ ಮಾಡಿದವನಿಗೆ ಮಾತ್ರ ಬರುತ್ತೆ. ಅದಕ್ಕೇ ಮೊದಲ ಶನಿವಾರ ನಿನಗೆ ಕೋವಿ ಬೇಡ ಅಂದಿದ್ದು.